ಆಡು ಅರಗಿಸಿಕೊಂಡದ್ದು

ಒಬ್ಬರ ಕಾಮಣಿ, ಅಂದರೆ ಕಾಮಾಲೆ, ಇಳಿಸಲು ಮೀರಾಬಾಯಿಗೆ ತಗಲುತ್ತಿದ್ದ ಖರ್ಚು ಇಷ್ಟು. ಹಂಬಿನ ಸೊಪ್ಪು ತರಲು ದಿನಕ್ಕೆ ಎರಡು ತಾಸು, ಅದೂ ಬಿಸಿಲೇರುವ ಮೊದಲು. ಆ ಸೊಪ್ಪನ್ನು ಮೂರು ದಿನ ಮುಂಚಿನಿಂದಲೇ ಆಡಿಗೆ ತಿನ್ನಿಸಬೇಕು, ದಿನಕ್ಕೊಂದು ಕಟ್ಟು. ನಾಲ್ಕನೆಯ ದಿನದಿಂದ ಏಳು ದಿನ ಬೆಳಗಿನ ಹಾಲೆಲ್ಲ ರೋಗಿಗೆ. ಮನೆಯಲ್ಲಿ ಕರಿ ಚಹಾ, ಆಡಿನ ಮರಿಗಳಿಗೆ ಸಂಜೆಯ ಹಾಲು ಮಾತ್ರ. ಹಾಲಿನ ಆಡು ಕೊಂಡರೆ ಒಂಬೈನೂರು ರೂಪಾಯಿ, ಅದು ಹಿಂಡುವುದು ವರ್ಷದಲ್ಲಿ ಆರು ತಿಂಗಳು. ಇಷ್ಟಕ್ಕೆಲ್ಲ ರೋಗಿಯ ಕಡೆಯಿಂದ ಬರುತ್ತಿದ್ದದ್ದು ಒಂದು ತೆಂಗಿನಕಾಯಿ ಮತ್ತು ಹನ್ನೊಂದು ರೂಪಾಯಿ. ಕೂಲಿಯವರಾದರೆ ಕೈಮುಗಿದು ಹೋಗುತ್ತಿದ್ದರು, ಅವಳೂ ಕೇಳುತ್ತಿರಲಿಲ್ಲ.

ಆದರೆ ಅವಳ ಎಣಿಕೆಯಲ್ಲಿ ಇವೆಲ್ಲಕ್ಕಿಂತ ದೊಡ್ಡ ನಷ್ಟ ಬೇರೆಯೇ ಇತ್ತು. ಸೊಪ್ಪಿನಲ್ಲಿ ಹದಿನಾರಾಣೆ ಗುಣವಿದ್ದರೆ ಹದಿನೈದಾಣೆಯನ್ನು ಆಡೇ ನುಂಗಿಬಿಡುತ್ತದೆ, ಹಾಲಿಗೆ ಇಳಿಯುವುದು ಒಂದೇ ಆಣೆ ಎಂದು ಅವಳು ನಂಬಿದ್ದಳು. ಆ ಒಂದಾಣೆಯಲ್ಲೇ ಜನ ಎದ್ದು ಕೂರುತ್ತಿದ್ದರು. ಇನ್ನು ಪೂರ್ತಿ ಸಿಕ್ಕರೆ ಹೇಗಿರಬೇಡ ಎಂದು ಎಷ್ಟೋ ಸಲ ಅಂದುಕೊಂಡಿದ್ದಳು. ಅಂದುಕೊಂಡಿದ್ದಳಷ್ಟೆ, ಮಾಡಿರಲಿಲ್ಲ.

ಮೀರಾಬಾಯಿಯ ಊರು ಬಸವಕಲ್ಯಾಣದ ಮಗ್ಗುಲಿನ ನಾರಾಯಣಪುರ. ಗಂಡ ತುಳಜಾರಾಮ ತೀರಿಕೊಂಡು ಹನ್ನೆರಡು ವರ್ಷ. ಹೊಟ್ಟೆಗೆ ಅವರಿವರ ಹೊಲದ ಕಳೆ, ಕೊಯ್ಲು. ಕಾಮಣಿ ಔಷಧ ಮಾತ್ರ ಅತ್ತೆಯಿಂದ ಬಂದದ್ದು. ಹಂಬಿಗೆ ಬೇರೆ ಹೆಸರು ಏನಿತ್ತೋ ಅವಳಿಗೆ ತಿಳಿಯದು, ಹಳೆಯ ಶಿವನ ಗುಡಿಯ ಹಿಂದಿನ ಹೊಲಗಳ ಕಲ್ಲು ಒಡ್ಡಿನ ಮೇಲೆ ಹಬ್ಬುತ್ತಿತ್ತು, ಜನ ಕಾಮಣಿ ಹಂಬು ಎನ್ನುತ್ತಿದ್ದರು. ಒಂದೆಲೆ ಅಗಿದರೆ ನಾಲಗೆ ಉರಿದು, ಆ ಕಹಿ ಮಧ್ಯಾಹ್ನದ ಊಟದವರೆಗೂ ಹೋಗುತ್ತಿರಲಿಲ್ಲ. ಹೊಸ ಆಡು ಅದನ್ನು ಮೂಸಿ ಮುಖ ತಿರುಗಿಸುತ್ತಿತ್ತು. ಆದ್ದರಿಂದ ಮೀರಾಬಾಯಿ ತನ್ನ ಆಡಿನ ಮರಿಗಳಿಗೆ, ಅವು ಮೇವು ತಿನ್ನಲು ಕಲಿತ ಮೇಲೆ, ಇವತ್ತು ನಾಲ್ಕೆಲೆ, ಬರುವ ವಾರ ಹತ್ತೆಲೆ ಎಂದು ರೂಢಿ ಮಾಡಿಸುತ್ತಿದ್ದಳು.

ಅತ್ತೆ ಸಾಯುವ ಮುಂಚೆ ಎರಡೇ ಮಾತು ಹೇಳಿದ್ದಳು. ಹಂಬು ಆಡಿನ ಹೊಟ್ಟೆ ದಾಟಿಯೇ ಮನುಷ್ಯರ ಹೊಟ್ಟೆಗೆ ಹೋಗಬೇಕು. ರೋಗಿ ಇಪ್ಪತ್ತೊಂದು ದಿನ ಮಲಗಿದಲ್ಲೇ ಮಲಗಬೇಕು, ಎಣ್ಣೆ, ಖಾರ ಬಾಯಿಗೆ ಹತ್ತಿಸಬಾರದು. ಯಾಕೆ ಎಂದು ಸೊಸೆ ಕೇಳಿರಲಿಲ್ಲ. ಅತ್ತೆಯನ್ನು ಯಾಕೆ ಎಂದು ಕೇಳುವ ಕಾಲವೂ ಅದಲ್ಲ. ಮುಂದೆ ಮೀರಾಬಾಯಿ ತಾನೇ ಒಂದು ಕಾರಣ ಕಟ್ಟಿಕೊಂಡಳು: ಬಡವರ ಹೊಟ್ಟೆ ಅಷ್ಟು ಗಟ್ಟಿ ಔಷಧ ತಡೆಯುವುದಿಲ್ಲ, ಅದಕ್ಕೇ ಆಡು ಹಗುರ ಮಾಡಿ ಕೊಡುತ್ತದೆ.

ಮೂವತ್ತು ವರ್ಷ ಹೀಗೇ ನಡೆಯಿತು. ಅವಳ ಕೈಗುಣದ ಮಾತು ರಾಜೇಶ್ವರ, ಹುಡಗಿ ಎಂಬ ಊರುಗಳನ್ನು ದಾಟಿ ಹುಮನಾಬಾದಿನವರೆಗೂ ಹೋಗಿತ್ತು. ಪಥ್ಯದ ವಿಷಯದಲ್ಲಿ ಅವಳು ಬಲು ಬಿಗಿ. ರಾಜೇಶ್ವರದ ಕಿರಾಣಿ ಸಾಹುಕಾರ ಮಹಾರುದ್ರಪ್ಪ ಕಣ್ಣು ಹಳದಿ ಮಾಡಿಕೊಂಡು ಬಂದಾಗ ಅವನ ಕಿಸೆಯಲ್ಲಿ ಬಜಿಯ ಪೊಟ್ಟಣ ಸಿಕ್ಕಿತ್ತು. ಹಾಲಿನ ತಂಬಿಗೆ ಹಿಂದಕ್ಕೆಳೆದುಕೊಂಡು ಅವಳು ಅಂದಿದ್ದಳು: "ಸಾಹುಕಾರ್ರ, ನನ್ನ ಆಡು ನಿಮಗೋಸ್ಕರ ಕಹಿ ತಿನ್ನಾಕತ್ತದ. ನೀವು ಬಜಿ ತಿಂತೀರಿ. ಇಬ್ಬರೊಳಗ ಶಾಣ್ಯಾರು ಯಾರಂತ ನೀವೇ ಹೇಳ್ರಿ." ಮಹಾರುದ್ರಪ್ಪ ಎದ್ದು ಓಡಾಡುವಂತಾದ ಮೇಲೆ ಈ ಮಾತನ್ನು ತಾನೇ ಊರೆಲ್ಲ ಹೇಳಿ ನಗಿಸಿದ.

ಬದುಕದವರೂ ಇದ್ದರು. ಮೂವತ್ತು ವರ್ಷದಲ್ಲಿ ಆರೇಳು ಜನ. ಅವರೆಲ್ಲ ಪಥ್ಯ ಮುರಿದಿರಬೇಕು ಎಂದು ಮೀರಾಬಾಯಿ ಹೇಳುತ್ತಿದ್ದಳು, ಸತ್ತವರ ಮನೆಯವರೂ ಹೌದೆನ್ನುತ್ತಿದ್ದರು.

2001ರ ಮಳೆಗಾಲದ ಕೊನೆಗೆ ಅವಳ ಮಗಳು ಮೇಘಾಳಿಗೇ ಕಾಮಣಿ ಆಯಿತು.

ಮೇಘಾಳನ್ನು ಹುಮನಾಬಾದಿಗೆ ಕೊಟ್ಟಿತ್ತು. ಅಳಿಯ ಓಂಪ್ರಕಾಶನದು ಹೈವೇ ಮಗ್ಗುಲಿಗೆ ಪಂಕ್ಚರ್ ಅಂಗಡಿ. ನಾಲ್ಕು ವರ್ಷದ ಮಗಳು ದೀಪಾಲಿ. ಆ ಸಲ ಅವರ ಓಣಿಯ ನಳಕ್ಕೆ ಎಲ್ಲಿಂದಲೋ ಗಟಾರದ ನೀರು ಸೇರಿ ಮನೆಗೊಬ್ಬರಂತೆ ಮಲಗಿದ್ದರು. ಮೇಘಾಳ ಕಣ್ಣು ಹಳದಿಯಾದ ದಿನವೇ ಓಂಪ್ರಕಾಶ ಅವಳನ್ನು ಡಾಕ್ಟರ್ ಜಲಾಲುದ್ದೀನರ ದವಾಖಾನೆಗೆ ಕರೆದೊಯ್ದಿದ್ದ. ಡಾಕ್ಟರು ಗುಳಿಗೆಯ ರಾಶಿಯನ್ನೇನೂ ಕೊಡಲಿಲ್ಲ. ಮಲಗಬೇಕು, ಕುದಿಸಿದ ನೀರು ಕುಡಿಯಬೇಕು, ಗಂಜಿ ಉಣ್ಣಬೇಕು, ಐದು ದಿನ ಬಿಟ್ಟು ರಕ್ತ ತಪಾಸಣೆಗೆ ಬರಬೇಕು, ಅಲ್ಲಿಯವರೆಗೆ ನಾಟಿ ಔಷಧ ಯಾವುದೂ ಬೇಡ ಎಂದಿದ್ದರು. ಆದರೆ ಆ ಓಣಿಯಲ್ಲಿ ಕುಡಿಯುವ ನೀರೇ ಕೆಟ್ಟಿರುವಾಗ, ಮನೆಯಲ್ಲಿ ಮಾಡಿಹಾಕುವವರೂ ಇಲ್ಲದಿರುವಾಗ ಮಲಗುವುದಾದರೂ ಎಲ್ಲಿ? ಓಂಪ್ರಕಾಶ ಕೂಸನ್ನು ಅಣ್ಣನ ಮನೆಯಲ್ಲಿ ಬಿಟ್ಟು, ಹೆಂಡತಿಯನ್ನು ನಾರಾಯಣಪುರಕ್ಕೆ ತಂದ.

ಜಗಲಿಯ ಮೇಲೆ ಕೂತು ಅವನು ಡಾಕ್ಟರ ಮಾತನ್ನೆಲ್ಲ ಅತ್ತೆಗೆ ಒಪ್ಪಿಸಿದ. ಮೀರಾಬಾಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೇಳಿಸಿಕೊಂಡಳು. ಆಡಿನ ಹಾಲು ಔಷಧವೇ ಅಲ್ಲವಲ್ಲ, ಡಾಕ್ಟರರಿಗೆ ಅದರಲ್ಲಿ ತಕರಾರು ಯಾಕಿರುತ್ತದೆ ಎಂದಳು.

"ಅತ್ತಿಯವರ, ನನಗ ನಿಮ್ಮ ಮ್ಯಾಲ ಭರೋಸಾ ಅದರಿ," ಎಂದ ಓಂಪ್ರಕಾಶ. "ಖರೇ, ಐದ ದಿನಕ್ಕ ನಾ ಜೀಪ್ ತಗೊಂಡ ಬರಾಂವ. ರಕ್ತ ತೋರಸೂದೇ."

"ಬರ್ರಿ ಅಳಿಯಂದ್ರ. ಬರೂದ್ರೊಳಗ ನಿಮ್ಮ ಹೇಣ್ತಿ ರೊಟ್ಟಿ ಬಡೀತಿರ್ತಾಳ."

ಹೇಳಿದ್ದೇನೋ ಹೇಳಿದಳು. ಅವನ ಬಸ್ಸು ಹೋದ ಮೇಲೆ ಹಿತ್ತಲಿಗೆ ಬಂದು ನಿಂತಾಗ ಅವಳ ಮುಖ ಸಣ್ಣದಾಯಿತು. ಇದ್ದ ಒಂದೇ ಕರಿ ಆಡು ಗಬ್ಬವಾಗಿ ಬತ್ತಿಹೋಗಿತ್ತು, ಈಯಲು ಇನ್ನೂ ತಿಂಗಳಿತ್ತು. ಊರಲ್ಲಿ ಹಾಲಿನ ಆಡುಗಳು ಬೇರೆ ಇದ್ದವು, ಹಂಬು ತಿನ್ನುವವು ಇರಲಿಲ್ಲ. ಇದೇ ಕರಿ ಆಡಿನ ಮಗಳೊಂದನ್ನು ಹಿಂದಿನ ವರ್ಷ ಬಸವಕಲ್ಯಾಣದ ಇಸ್ಮಾಯಿಲನಿಗೆ ಮಾರಿದ್ದಳು. ಇಸ್ಮಾಯಿಲ ಆಡಿನ ವ್ಯಾಪಾರಿ, ಕಟುಕನೂ ಹೌದು. ಅವಳು ಆವತ್ತೇ ನಡೆದು ಹೋಗಿ ಅವನನ್ನು ಹಿಡಿದಳು. ತಾನು ಮಾರಿದ ಆ ಆಡು ಹುಡಗಿ ಊರಲ್ಲಿದೆ, ಈದು ಒಂದೂವರೆ ತಿಂಗಳಾಗಿದೆ, ನಾಲ್ಕು ದಿನದಲ್ಲಿ ಅತ್ತ ಕಡೆ ಹೋಗುವವನಿದ್ದೇನೆ, ಐದನೆಯ ದಿನ ತಂದು ಕಟ್ಟುತ್ತೇನೆ ಎಂದ ಅವನು.

ಐದು ದಿನಕ್ಕೆ ಆಡು. ಅದಕ್ಕೆ ಮೂರು ದಿನ ಸೊಪ್ಪು. ಹಾಲು ಸಿಗುವುದು ಒಂಬತ್ತನೆಯ ದಿನ. ಬರುವ ದಾರಿಯಲ್ಲಿ ಮೀರಾಬಾಯಿ ಬೆರಳು ಮಡಿಚಿ ಎಣಿಸಿದಳು. ಮನೆಗೆ ಬಂದಾಗ ಮೇಘಾ ಕುಡಿದ ಗಂಜಿಯನ್ನು ಕಕ್ಕಿಕೊಂಡು ಗೋಡೆಗೆ ಒರಗಿದ್ದಳು, ಉಗುರುಗಳೂ ಹಳದಿಯಾಗಿದ್ದವು. ಇಪ್ಪತ್ತಾರು ವರ್ಷದ ಗಟ್ಟಿ ಹೆಣ್ಣು, ಎರಡು ಕೊಡ ನೀರು ಒಮ್ಮೆಗೇ ತರುವವಳು, ತಂಬಿಗೆ ಎತ್ತಲೂ ಎರಡು ಕೈ ಹಚ್ಚುತ್ತಿದ್ದಳು.

ಊರವರ ಕಾಮಣಿಯನ್ನು ಮೀರಾಬಾಯಿ ಎಷ್ಟೋ ನೋಡಿದ್ದಳು. ಮೊದಲ ವಾರ ವಾಂತಿ, ಎರಡನೆಯ ವಾರ ಸುಸ್ತು, ಮೂರನೆಯದಕ್ಕೆ ಹಸಿವು. ಯಾವುದು ಯಾವಾಗ ಬರುತ್ತದೆಂದು ಅವಳಿಗೆ ಬಾಯಿಪಾಠ. ಬೇರೆಯವರ ಮಗಳಾಗಿದ್ದರೆ, ಒಂಬತ್ತು ದಿನವಾದರೆ ಆಗಲಿ, ಮಲಗಿಸಿಡಿ ಎಂದು ಹೇಳಿಬಿಡುತ್ತಿದ್ದಳು. ಹೆತ್ತ ಕರುಳಿಗೆ ಆ ಬಾಯಿಪಾಠ ನೆನಪಾಗಲಿಲ್ಲ.

ಹದಿನಾರಾಣೆಯ ವಿಚಾರ ಆಗ ಎದ್ದು ಕೂತಿತು. ಊರವರಿಗೆ ಒಂದಾಣೆ ಕೊಟ್ಟೆ, ನನ್ನ ಮಗಳಿಗೂ ಒಂದೇ ಆಣೆಯೇ? ಅದೂ ಒಂಬತ್ತು ದಿನ ಕಾದು?

ಅವಳೇನು ಕಣ್ಣುಮುಚ್ಚಿಕೊಂಡು ಬಾವಿಗೆ ಹಾರಿದವಳಲ್ಲ. ಮರುದಿನ ನಸುಕಿನಲ್ಲಿ ಹಂಬು ತಂದು, ಒಳಕಲ್ಲಿನಲ್ಲಿ ಅರೆದು, ಬಟ್ಟೆಯಲ್ಲಿ ಹಿಂಡಿ ಅರ್ಧ ಬಟ್ಟಲು ರಸ ತೆಗೆದಳು. ಒಂದು ಚಮಚೆಯಷ್ಟನ್ನು ಮಜ್ಜಿಗೆಯಲ್ಲಿ ಕದಡಿ ಮೊದಲು ತಾನು ಕುಡಿದಳು. ಗಂಟಲು ಸುಟ್ಟಿತು, ಹೊಟ್ಟೆ ಸ್ವಲ್ಪ ಗುಡುಗುಟ್ಟಿತು, ಅಷ್ಟೆ. ಸಂಜೆವರೆಗೆ ಕಳೆ ಕಿತ್ತಳು, ರೊಟ್ಟಿ ತಿಂದಳು, ಏನೂ ಆಗಲಿಲ್ಲ. ತಾಯಿಯ ಹೊಟ್ಟೆ ತಡೆದದ್ದನ್ನು ಮಗಳ ಹೊಟ್ಟೆ ತಡೆಯದೇ ಎಂದುಕೊಂಡಳು.

ಅದರ ಮರುದಿನ ಬಟ್ಟಲು ಮುಂದಿಟ್ಟಾಗ ಮೇಘಾ ಮೂಗು ಮುಚ್ಚಿಕೊಂಡಳು.

"ಯವ್ವಾ, ಇಸ್ಮಾಯಿಲ ಕಾಕಾ ಆಡು ತರೂ ತನಕಾ ತಡಿಯೋಣು. ಹಸೀ ರಸ ಮುಟ್ಟಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಾಕಿ ನೀನೇ."

"ಅದು ಮಂದಿಗಿ ಹೇಳೂ ಮಾತು. ಅವರ ಹೊಟ್ಟಿ ಹ್ಯಾಂಗದ ನನಗೇನ ಗೊತ್ತು? ನಿನ್ನ ಹೊಟ್ಟಿ ನಾ ತುಂಬಿಸಿ ಬೆಳಸೀನಿ."

"ಅಜ್ಜಿ ಬ್ಯಾಡಂದಿದ್ಳಲ್ಲ."

"ಅಜ್ಜಿ ತನ್ನ ಮಗಳಿಗಿ ಕಾಮಣಿ ಆದದ್ದು ನೋಡಿರಲಿಲ್ಲ. ಕುಡಿ, ನನ್ನವ್ವ."

ಮೇಘಾ ಕುಡಿದಳು. ಜೇನುತುಪ್ಪ ನೆಕ್ಕಿಸಿದರೂ ಅವಳ ಕಣ್ಣಲ್ಲಿ ನೀರು ಬಂತು. ತಾಸಿನೊಳಗೆ ಹಸಿರು ಹಳದಿ ಪಿತ್ತ ಕಾರಿದಳು. ಮೀರಾಬಾಯಿಯ ಮುಖ ಅರಳಿತು, ಕಾಮಣಿಯೇ ಹೊರಗೆ ಬಿತ್ತು ಎಂದುಕೊಂಡಳು. ಮಗ್ಗುಲ ಮನೆಯ ಅಂಬಾದಾಸನ ಹೆಂಡತಿಯನ್ನು ಕರೆದು ತೋರಿಸಿದಳು ಕೂಡ. ಆಡಿನ ಹಾಲು ಕುಡಿದ ಯಾವ ರೋಗಿಯೂ ಹೀಗೆ ಕಾರಿರಲಿಲ್ಲ, ನೋಡು ಒಂದಾಣೆಗೂ ಹದಿನಾರಾಣೆಗೂ ಇರುವ ಫರಕು ಎಂದಳು.

ಎರಡನೆಯ ದಿನ ಎರಡು ಚಮಚೆ ಕೊಟ್ಟಳು. ಆ ದಿನ ವಾಂತಿ ಆಗಲಿಲ್ಲ. ಮೇಘಾ ಹೆಚ್ಚು ಮಾತಾಡದೆ ಮಲಗಿದಳು, ಮಧ್ಯಾಹ್ನವೂ ಎಚ್ಚರಾಗಲಿಲ್ಲ. ನಿದ್ದೆ ಬಂದರೆ ರೋಗ ಇಳಿದ ಹಾಗೆ ಎಂಬುದು ಹಳೆಯ ಮಾತು. ತಾಯಿ ಬಾಗಿಲು ಮುಂದೆ ಮಾಡಿ, ನೊಣ ಬಾರದ ಹಾಗೆ ಮುಖದ ಮೇಲೆ ತೆಳು ಬಟ್ಟೆ ಹೊದಿಸಿದಳು.

ಮೂರನೆಯ ದಿನ ಬಟ್ಟಲು ಹಿಡಿದು ಎಬ್ಬಿಸಿದಾಗ ಮೇಘಾ ತಾಯಿಯನ್ನು ದಿಟ್ಟಿಸಿ ನೋಡಿ, ದೀಪಾಲಿಯನ್ನು ಸಾಲೆಗೆ ಕಳಿಸಿದಿರಾ ಎಂದು ಬಹುವಚನದಲ್ಲಿ ಕೇಳಿದಳು. ಎದುರಿಗಿದ್ದವಳು ತನ್ನ ಅವ್ವ ಎಂಬುದು ಅವಳಿಗೆ ಗೊತ್ತಾಗಲಿಲ್ಲ. ದೀಪಾಲಿ ಇನ್ನೂ ಸಾಲೆಗೆ ಹೋಗುವ ವಯಸ್ಸಿನವಳೂ ಅಲ್ಲ. ಮೇಘಾ ಹಾಸಿಗೆಯ ಅಂಚನ್ನು ಹಿಡಿದು, ರೊಟ್ಟಿ ಬಡಿಯುವವರ ಹಾಗೆ ಕೈ ಆಡಿಸತೊಡಗಿದಳು. ಮೀರಾಬಾಯಿ ರಸದ ಬಟ್ಟಲು ಕೆಳಗಿಟ್ಟು ಮಗ್ಗುಲ ಮನೆಗೆ ಓಡಿದಳು.

ಅಂಬಾದಾಸ ಸೈಕಲ್ಲು ತುಳಿದು ಬಸವಕಲ್ಯಾಣಕ್ಕೆ ಹೋಗಿ ಹುಮನಾಬಾದಿಗೆ ಫೋನು ಮಾಡಿದ. ಐದನೆಯ ದಿನಕ್ಕೆ ಬರಬೇಕಾದ ಜೀಪು ಒಂದು ದಿನ ಮೊದಲೇ ಬಂತು. ಓಂಪ್ರಕಾಶ ಯಾರನ್ನೂ ಏನೂ ಕೇಳದೆ ಹೆಂಡತಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ. ರಾಜೇಶ್ವರ ದಾಟುವವರೆಗೆ ಮೇಘಾ ಏನೇನೋ ಮಾತಾಡುತ್ತಿದ್ದಳು. ರಾಜೇಶ್ವರ ದಾಟಿದ ಮೇಲೆ ಮಾತು ನಿಂತಿತು.

ದವಾಖಾನೆಯಲ್ಲಿ ಸಲಾಯಿನು ಹಚ್ಚಿದರು, ರಕ್ತ ತೆಗೆದರು, ಬೀದರಿಗೆ ಒಯ್ಯಲು ಗಾಡಿಯನ್ನೂ ಗೊತ್ತು ಮಾಡಿದರು. ಗಾಡಿ ಬಂದು ಗೇಟಿನ ಹತ್ತಿರ ನಿಲ್ಲುವ ಹೊತ್ತಿಗೆ ಮೇಘಾ ತೀರಿಕೊಂಡಿದ್ದಳು. ಮಧ್ಯಾಹ್ನ ಒಂದೂವರೆ ಗಂಟೆ. ಹೊರಗೆ ಹೈವೇಯ ಮೇಲೆ ಲಾರಿಗಳು ಸೋಲಾಪುರದ ಕಡೆ ಹೋಗುತ್ತಲೇ ಇದ್ದವು.

ಡಾಕ್ಟರ್ ಜಲಾಲುದ್ದೀನ್ ಹಣ್ಣುಗೂದಲಿನ ಮನುಷ್ಯ. ಅವರು ಕೂಗಾಡಲಿಲ್ಲ. ಮೀರಾಬಾಯಿಯನ್ನು ಎದುರಿಗೆ ಕೂಡಿಸಿಕೊಂಡು ಏನು ಕೊಟ್ಟಿರಿ ಎಂದು ಕೇಳಿದರು. ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು. ಎಷ್ಟು ಎಲೆ, ಎಷ್ಟು ಚಮಚೆ, ಯಾವ ಹೊತ್ತಿನಲ್ಲಿ. ಮೊದಲು ತಾನು ಕುಡಿದು ನೋಡಿದ್ದನ್ನೂ ಹೇಳಿದಳು.

"ನಿಮಗ ಏನೂ ಆಗಲಿಲ್ಲ, ಯಾಕಂದ್ರ ನಿಮ್ಮ ಲಿವರ್ ಗಟ್ಟಿ ಅದ ತಾಯಿ," ಎಂದರು ಡಾಕ್ಟರು. "ಹೊಟ್ಟಿಗಿ ಹೋದದ್ದು ಸೀದಾ ಅಲ್ಲಿಗೇ ಹೋಗ್ತದ. ವಿಷ ಇದ್ರ ಅದನ್ನ ಒಡದು ಚೂರ ಮಾಡೂದು ಅದರ ಕೆಲಸ. ಕಾಮಣಿ ಅಂದ್ರ ಆ ಲಿವರೇ ಬಿದ್ದು ಮಲಗಿದಂಗ. ಮಲಗಿದವನ ಬೆನ್ನ ಮ್ಯಾಲ ನೀವು ಚೀಲ ಹೇರೀರಿ."

ಮೀರಾಬಾಯಿ ಕೇಳಿದಳು: "ಆಡಿನ ಹಾಲ ಕೊಟ್ಟಿದ್ರ ಬದುಕ್ತಿದ್ಳೇನ್ರಿ?"

ಬದುಕುತ್ತಿದ್ದಳೆಂದು ಗುಡ್ಡ ಮುಟ್ಟಿ ಆಣೆ ಮಾಡಲಾರೆ, ಆದರೆ ಈ ವಯಸ್ಸಿನವರು ನೂರಕ್ಕೆ ತೊಂಬತ್ತೆಂಟು ಜನ ಎದ್ದೇ ಏಳುತ್ತಾರೆ ಎಂದರು ಡಾಕ್ಟರು. "ಹಾಲ ಕೊಟ್ಟಿದ್ರೂ ಏಳ್ತಿದ್ಳು, ಕೊಡದಿದ್ರೂ ಏಳ್ತಿದ್ಳು."

ಆ ಮಾತಿನ ಎರಡನೆಯ ಅರ್ಧ ಆವತ್ತು ಅವಳ ತಲೆಗೆ ಹೋಗಲಿಲ್ಲ.

ಮಣ್ಣು ಮಾಡಿ ಬಂದ ಮರುದಿನವೇ ಇಸ್ಮಾಯಿಲ ಬಂದ. ಹೇಳಿದ ಮಾತಿನಂತೆ ಹುಡಗಿಯ ಆಡನ್ನು ಹಗ್ಗದಲ್ಲಿ ಹಿಡಿದಿದ್ದ, ಹಿಂದೆ ಎರಡು ಮರಿ. ಅವನಿಗೆ ಸುದ್ದಿ ತಿಳಿದಿರಲಿಲ್ಲ. ಅಂಗಳದಲ್ಲಿ ಕೂತ ಹೆಂಗಸರನ್ನು ನೋಡಿ ಬಾಗಿಲಲ್ಲೇ ನಿಂತ. ಅಂಬಾದಾಸ ಹತ್ತಿರ ಹೋಗಿ ಪಿಸುಮಾತಿನಲ್ಲಿ ಹೇಳಿದ ಮೇಲೆ ಆಡನ್ನು ಗೂಟಕ್ಕೆ ಕಟ್ಟಿ, ತಾನು ನೆಲದ ಮೇಲೆ ಕೂತುಬಿಟ್ಟ. ದುಡ್ಡಿನ ಮಾತೆತ್ತಲಿಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದ ಮೇಲೆ ಮೀರಾಬಾಯಿ ಅವನ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತಳು. ಹೊಟ್ಟೆಯ ವಿಷಯ ಬಲ್ಲವನೆಂದರೆ ಆ ಸೀಮೆಯಲ್ಲಿ ಅವನೇ. ದಿನಕ್ಕೆ ಹತ್ತು ಹೊಟ್ಟೆ ಕೊಯ್ದು ತೊಳೆಯುವವನು.

"ಇಸ್ಮಾಯಿಲ ಭಾಯಿ, ಖರೇ ಹೇಳು. ನನ್ನ ಆಡು ಅದನ್ನ ತಿಂದು ಬದುಕ್ತಾವ. ನನ್ನ ಮಗಳ್ಯಾಕ ಬದುಕಲಿಲ್ಲ?"

ಇಸ್ಮಾಯಿಲ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಹೇಳತೊಡಗಿದ. ಹೋದ ವರ್ಷ ಈ ಆಡನ್ನು ಕೊಂಡೊಯ್ಯುವಾಗ ಅವಳೇ ರೂಢಿ ತಪ್ಪಬಾರದೆಂದು ಒಂದು ಕಟ್ಟು ಹಂಬು ಕೊಟ್ಟು ಕಳಿಸಿದ್ದಳು. ಅವನ ದೊಡ್ಡಿಯಲ್ಲಿ ಇನ್ನೊಂದು ಆಡಿನ ಹದಿನೈದು ದಿನದ ಮರಿ ಆ ಕಟ್ಟಿಗೆ ಬಾಯಿ ಹಾಕಿ, ಸಂಜೆಯೊಳಗೆ ಕಾಲು ಬಡಿದು ಸತ್ತಿತ್ತು. ಕಸುಬಿನ ಚಟ, ಯಾಕೆ ಸತ್ತಿತೆಂದು ಕೊಯ್ದು ನೋಡಿದ್ದ. ಹಾಲು ಕುಡಿಯುವ ಮರಿಗೆ ಮೆಲಕು ಹಾಕುವ ದೊಡ್ಡ ಹೊಟ್ಟೆ ಇನ್ನೂ ಬೆಳೆದಿರುವುದಿಲ್ಲ, ಮುಷ್ಟಿಯಷ್ಟು ಮುದುಡಿಕೊಂಡಿರುತ್ತದೆ. ಸೊಪ್ಪು ಅಲ್ಲಿ ನಿಲ್ಲದೆ ಹಸಿಹಸಿಯಾಗಿಯೇ ಒಳಗೆ ಇಳಿದಿತ್ತು. ಅದೇ ಕಟ್ಟು ತಿಂದ ಈ ಆಡು ಮಾತ್ರ ಗೂಟದ ಹತ್ತಿರ ಮಲಗಿ ಆರಾಮ ಮೆಲಕು ಹಾಕುತ್ತಿತ್ತು.

"ಬೆಳದ ಆಡಿನ ದೊಡ್ಡ ಹೊಟ್ಟಿ ಅಂದ್ರ ಒಂದು ಭಟ್ಟಿ ಇದ್ದಂಗ ಅಕ್ಕಾ," ಎಂದ. "ಹಂಬು ಅಲ್ಲಿ ಕೊಳೀತದ, ಕುದೀತದ, ಬಾಯಿಗಿ ಬರ್ತದ, ಮತ್ತ ಒಳಗ ಹೋಗ್ತದ. ಎರಡನೇ ದಿನಕ್ಕ ಕೊಯ್ದು ನೋಡಿದ್ರ ಅಲ್ಲಿ ಹಂಬೇ ಇರಂಗಿಲ್ಲ. ಹುಲ್ಲ ತಿಂದ ಹೊಟ್ಟಿಗೂ ಅದಕ್ಕೂ ಫರಕ ಹೇಳಾಕ ಬರಂಗಿಲ್ಲ. ಮನಷ್ಯಾಗ ಆ ಭಟ್ಟಿ ಎಲ್ಲದ?"

"ಹಂಗಾದ್ರ ಹಾಲಿಗಿ ಇಳಿಯೂದು ಏನು?"

ಹೇಳುವುದೋ ಬೇಡವೋ ಎಂದು ಇಸ್ಮಾಯಿಲ ಅಳೆಯುತ್ತಿದ್ದ. ಅವಳು ಮತ್ತೆ ಕೇಳಿದಳು.

"ಹಾಲಿಗಿ ಇಳದಿದ್ರ," ಎಂದು ಗೂಟದ ಕಡೆ ಕೈ ತೋರಿಸಿದ, "ಹಂಬ ತಿಂದ ಆಡಿನ ಹಾಲ ಕುಡಿಯೂ ಮರಿ ಉಳೀತಿದ್ವೇನು ಅಕ್ಕಾ?"

ಎರಡು ಮರಿಗಳೂ ತಾಯಿಯ ಕೆಚ್ಚಲಿಗೆ ತಲೆ ಗುದ್ದಿ ಹಾಲು ಕುಡಿಯುತ್ತಿದ್ದವು. ಇಂಥ ಮರಿಗಳನ್ನು ಮೀರಾಬಾಯಿ ಮೂವತ್ತು ವರ್ಷದಿಂದ ನೋಡಿದ್ದಳು. ಬೆಳಗಿನ ಹಾಲು ರೋಗಿಗೆ, ಸಂಜೆಯ ಹಾಲು ಮರಿಗೆ. ಒಂದು ಮರಿಯೂ ಆ ಹಾಲಿನಿಂದ ಸತ್ತಿರಲಿಲ್ಲ. ಬೇವು ಮೇಯ್ದ ಆಡಿನ ಹಾಲು ಕಹಿಯಾಗುವುದು ಅವಳಿಗೆ ಗೊತ್ತಿತ್ತು. ಹಂಬು ತಿಂದ ಆಡಿನ ಹಾಲು ಮಾತ್ರ ಯಾವತ್ತೂ ಸಿಹಿ. ಒಳ್ಳೆಯ ಔಷಧಕ್ಕೆ ಕಹಿಯೂ ಇಲ್ಲ ಎಂದು ಅವಳೇ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಕಹಿ ಎಲ್ಲಿ ಹೋಯಿತು ಎಂದು ಕೇಳಿಕೊಂಡಿರಲಿಲ್ಲ.

ಹದಿನೈದಾಣೆ ಆಡು ನುಂಗಿ ಒಂದಾಣೆ ಕೊಡುತ್ತಿರಲಿಲ್ಲ. ಹದಿನಾರಕ್ಕೆ ಹದಿನಾರನ್ನೂ ಅರಗಿಸಿಬಿಡುತ್ತಿತ್ತು. ಜನ ಕುಡಿದದ್ದು ಬರಿಯ ಹಾಲು. ಎದ್ದವರು ಇಪ್ಪತ್ತೊಂದು ದಿನ ಮಲಗಿದ್ದಕ್ಕೆ ಎದ್ದರು, ಗಂಜಿ ಉಂಡದ್ದಕ್ಕೆ ಎದ್ದರು, ಏಳುವವರಿದ್ದರು ಎಂದು ಎದ್ದರು. ಡಾಕ್ಟರು ಹೇಳಿದ ಎರಡನೆಯ ಅರ್ಧ ಈಗ ಅವಳಿಗೆ ಕೇಳಿಸಿತು.

ಅತ್ತೆಗೆ ಇದು ಗೊತ್ತಿತ್ತೋ ಇಲ್ಲವೋ. ಗೊತ್ತಿರಲಿಕ್ಕಿಲ್ಲ. ಅತ್ತೆಯ ಅತ್ತೆಗಿಂತ ಮುಂಚೆ ಯಾವುದೋ ಮನೆಯಲ್ಲಿ ಯಾರದೋ ಮಗಳು ಹಸಿ ರಸ ಕುಡಿದು ಹೀಗೇ ಹೋಗಿರಬೇಕು. ಆಮೇಲೆ ಯಾರೋ ತಿಳಿದವರು ರೋಗಿಗೂ ಸೊಪ್ಪಿಗೂ ನಡುವೆ ಒಂದು ಆಡನ್ನು ತಂದು ನಿಲ್ಲಿಸಿದರು. ಸತ್ತವಳ ಹೆಸರು ಮರೆತುಹೋಯಿತು, ಕಾರಣ ಮರೆತುಹೋಯಿತು, ಆಡು ಉಳಿಯಿತು. ಮೂವತ್ತು ವರ್ಷ ಅವಳ ಔಷಧ ತಾಗದಂತೆ ಊರವರನ್ನು ಕಾಪಾಡಿದ್ದು ಆ ಆಡು. ಮಗಳ ಪಾಲಿಗೆ ಅವಳು ಅದನ್ನೇ ನಡುವಿನಿಂದ ಸರಿಸಿದ್ದಳು.

ತಿಂಗಳು ಕಳೆಯುವುದರೊಳಗೆ ಮತ್ತೆ ಕಾಮಣಿಯವರು ಬರತೊಡಗಿದರು. ಮಗಳು ಸತ್ತ ಸುದ್ದಿ ಹರಡಿತ್ತು, ಆದರೆ ವೈದ್ಯನ ಮನೆಯಲ್ಲಿ ಸಾವಾಗದೆ ಇರುತ್ತದೆಯೇ ಎಂದು ಜನ ಸಮಾಧಾನ ಹೇಳಿಕೊಂಡಿದ್ದರು. ಮೊದಲು ಬಂದ ರಾಜೇಶ್ವರದ ಗಂಡಹೆಂಡಿರಿಗೆ ಮೀರಾಬಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹಾಲಿನಲ್ಲಿ ಏನೂ ಇಲ್ಲ, ಡಾಕ್ಟರರಿಗೆ ತೋರಿಸಿ, ಮಲಗಿರಿ ಎಂದಳು. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಅವರು ತೆಂಗಿನಕಾಯಿ ಎತ್ತಿಕೊಂಡು ಹೋದರು. ಹೋದವರು ಮನೆಗೆ ಹೋಗಲಿಲ್ಲ. ಇನ್ನೊಂದು ಊರಲ್ಲಿ ಯಾರೋ ಯಾವುದೋ ಬೇರನ್ನು ಅರೆದು ಕುಡಿಸುತ್ತಾರೆಂದು ಅಲ್ಲಿಗೆ ಹೋದರು. ಆ ಗಂಡ ಉಳಿಯಲಿಲ್ಲ.

ಸತ್ಯ ಹೇಳಿ ಕಳಿಸಿದರೆ ಜನ ವಿಷದ ಮನೆಗೆ ಹೋಗುತ್ತಾರೆ ಎಂಬುದನ್ನು ಅವಳು ಆವತ್ತು ಕಲಿತಳು. ಹುಡಗಿಯ ಮಹೆಬೂಬ ತನ್ನ ಹೆಂಡತಿ ವಹೀದಾಳನ್ನು ಕರೆತಂದಾಗ ಮೀರಾಬಾಯಿಯ ದಾರಿ ಬೇರೆಯಾಗಿತ್ತು. ಕೈಯಲ್ಲಿ ಡಾಕ್ಟರ ಚೀಟಿ ಇಲ್ಲದೆ ಹಾಲು ಮುಟ್ಟಿಸುವುದಿಲ್ಲ ಎಂದಳು.

"ಹಿಂದಕ ಚೀಟಿ ಕೇಳ್ತಿರಲಿಲ್ಲಲ್ಲ ಬಾಯಾರ," ಎಂದ ಮಹೆಬೂಬ.

"ಹಿಂದಕ ನನ್ನ ಮಗಳು ಇದ್ಳು. ಮದಲ ಚೀಟಿ ತಗೊಂಬಾ. ಮತ್ತ ಆಕಿ ಕೈಯಾಗ ಮೂರ ವಾರ ಕಸಬರಗಿ ಹಿಡಸಿದಿ ಅಂತ ಗೊತ್ತಾತಂದ್ರ, ಹಾಲ ಹಿಂದಕ್ಕ ಕೇಳ್ತೀನಿ."

ಅವರು ಹುಮನಾಬಾದಿಗೆ ಹೋಗಿ ತೋರಿಸಿಕೊಂಡು ಬಂದರು. ಏಳು ದಿನ ಬೆಳಿಗ್ಗೆ ಬರಿಹೊಟ್ಟೆಗೆ ವಹೀದಾ ಕುಡಿದದ್ದು ಜೋಳದ ಕಣಿಕೆ ತಿಂದ ಆಡಿನ ಹಾಲು, ಒಂದು ಉಕ್ಕು ಕುದಿಸಿದ್ದು. ಹಂಬಿನ ಬೇರನ್ನು ಮೀರಾಬಾಯಿ ಗುದ್ದಲಿ ಹಿಡಿದು ಒಡ್ಡಿನಿಂದ ಕಿತ್ತು ಹಾಕಿದ್ದಳು. ಒಂದೇ ಸಲಕ್ಕೆ ಹೋಗುವ ಬಳ್ಳಿಯಲ್ಲ ಅದು. ಮಳೆಗೊಮ್ಮೆ ಚಿಗುರುತ್ತಿತ್ತು, ಅವಳು ಮಳೆಗೊಮ್ಮೆ ಕೀಳುತ್ತಿದ್ದಳು. ಹಾಲು ಬರಿಯ ಹಾಲೆಂದು ಬಲ್ಲವರು ಅವಳು, ಇಸ್ಮಾಯಿಲ, ಡಾಕ್ಟರು, ಮೂವರೇ. ಡಾಕ್ಟರು ಕೇಳಿ ಒಂದು ಗಳಿಗೆ ವಿಚಾರ ಮಾಡಿ, ಚೀಟಿ ಕೇಳುವುದನ್ನು ಮಾತ್ರ ಬಿಡಬೇಡಿ ಎಂದಿದ್ದರು.

ಓಂಪ್ರಕಾಶ ಎರಡು ವರ್ಷಕ್ಕೆ ಇನ್ನೊಂದು ಮದುವೆಯಾದ. ತಪ್ಪೇನೂ ಅಲ್ಲ, ಕೂಸಿತ್ತು. ದೀಪಾಲಿ ಎರಡನೆಯ ಇಯತ್ತೆಯಲ್ಲಿ ಓದುತ್ತಿದ್ದಾಗ ಮೀರಾಬಾಯಿ ಶೇಂಗಾ ಉಂಡಿ ಕಟ್ಟಿಕೊಂಡು ಹುಮನಾಬಾದಿಗೆ ಹೋದಳು. ಅಳಿಯ ಎದ್ದು ನಿಂತು ಕೂಡಿಸಿದ, ನೀರು ಕೊಟ್ಟ, ಚಹಾ ತರಿಸಿದ. ಹೊಸ ಹೆಂಡತಿ ಮನೀಷಾ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ದೀಪಾಲಿ ಬಾಗಿಲ ಹಿಂದಿನಿಂದ ಅಜ್ಜಿಯ ಗಂಟನ್ನೇ ನೋಡುತ್ತಿತ್ತು. ಮೀರಾಬಾಯಿ ಗಂಟು ಬಿಚ್ಚತೊಡಗಿದಾಗ ಓಂಪ್ರಕಾಶ ಧ್ವನಿ ಏರಿಸದೆ ಹೇಳಿದ:

"ಅತ್ತಿಯವರ, ಕೂಸಿಗಿ ನಿಮ್ಮ ಕೈಲೆ ಏನೂ ತಿನಸಬ್ಯಾಡ್ರಿ."

ಅವಳು ಗಂಟನ್ನು ಹಾಗೇ ಮತ್ತೆ ಬಿಗಿದಳು. ಅವನ ಜಾಗದಲ್ಲಿದ್ದರೆ ತಾನೂ ಇದನ್ನೇ ಹೇಳುತ್ತಿದ್ದೆ ಎಂದು ಅವಳಿಗೆ ಅನಿಸಿತು. ಚಹಾ ಕುಡಿದು, ಮೊಮ್ಮಗಳ ತಲೆಯನ್ನು ಒಮ್ಮೆ ಮುಟ್ಟಿ, ಬಸ್‌ಸ್ಟ್ಯಾಂಡಿಗೆ ನಡೆದಳು.

2009ರವರೆಗೆ ರೋಗಿಗಳಿಂದ ಪಡೆದು ಅವಳು ಒಂದು ಬ್ಯಾಗಿನಲ್ಲಿ ಕೂಡಿಟ್ಟ ಡಾಕ್ಟರ ಚೀಟಿಗಳು ನೂರಾ ನಲವತ್ತು ಚಿಲ್ಲರೆ. ಅಷ್ಟು ಜನರಲ್ಲಿ ಇಬ್ಬರು ಸತ್ತರು, ಉಳಿದವರು ಬದುಕಿದರು, ಅವಳ ಮನೆಯಲ್ಲಿ ಹಸಿ ರಸ ಕುಡಿದವರು ಯಾರೂ ಇಲ್ಲ. ಮಗಳು ಹೋದಳು. ಮೊಮ್ಮಗಳು ಇದ್ದೂ ಇವಳಿಗೆ ದಕ್ಕಲಿಲ್ಲ.